ನಾಯಿಗೂ ಸೋದರಿಕೆ ನೋಡಿದ ನಮ್ಮ ಕಾಕಾ

ತಾಳಿ, ತಾಳಿ. ಪುಟ ತಿರುಗಿಸಬೇಡಿ. ಚಹಾದ ಕಪ್ಪು ಕೈಯಲ್ಲಿದ್ದರೆ ಮೊದಲು ಕೆಳಗಿಡಿ, ಚೆಲ್ಲಿಕೊಂಡರೆ ನಾನು ಜವಾಬ್ದಾರಳಲ್ಲ. ಏಕೆಂದರೆ ಈಗ ಹೇಳಲಿರುವುದನ್ನು ಕೇಳಿ ನೀವು ನಂಬುವುದಿಲ್ಲ. ನಮ್ಮ ಕಾಕಾ ನಾಯಿಗಳಿಗೆ ಲಗ್ನದ ಸಂಬಂಧ ಕುದುರಿಸಿದ ಮನುಷ್ಯ. ಬರೀ ಕುದುರಿಸಲಿಲ್ಲ, ಹೆಣ್ಣಿನ ಸೋದರಮಾವನನ್ನೇ ಹುಡುಕಿ ಗಂಟು ಹಾಕಿಸಿದರು!

ನಕ್ಕಿರಾ? ನಗಿ, ನಗಿ. ನಾವೂ ಬಹಳ ದಿನ ನಕ್ಕೆವು.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಬೆಳಗಾವಿಯ ಶಿವಬಸವ ನಗರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಪೇಟೆಯಲ್ಲಿ ನಟ್ಟು, ಬೋಲ್ಟು, ನಳ, ಪೈಪು ಮಾರುವ ಅಂಗಡಿ. ಮನುಷ್ಯನಿಗೆ ಒಂದು ಕಡೆ ನಿಂತು ಗೊತ್ತಿಲ್ಲ. ತಾನು ನಿಲ್ಲುವುದಿಲ್ಲ ಸರಿ, ಮನೆಯ ಸಾಮಾನುಗಳನ್ನಾದರೂ ನಿಲ್ಲಗೊಡಬೇಕೋ ಬೇಡವೋ? ಭಾನುವಾರ ಬಂತೆಂದರೆ ಗೋಡೆಯಾಚೆ ಗರ್ರ್ ಎಂಬ ಸದ್ದು. ಕಪಾಟು ಪಡಸಾಲೆಗೆ, ಸೋಫಾ ಕಿಟಕಿಗೆ, ಟಿ.ವಿ. ಅಡುಗೆಮನೆಯ ಬಾಗಿಲಿಗೆ! ಕಾಕು, ಅಂದರೆ ಕಾಕಾನ ಹೆಂಡತಿ, ಲಿಂಗಪೂಜೆ ಮುಗಿಸಿ ಕಣ್ಣು ಬಿಟ್ಟರೆ ಎದುರಿಗೆ ಡೈನಿಂಗ್ ಟೇಬಲ್.

"ಏನ್ರಿ, ನಾ ಯಾರ ಮನ್ಯಾಗ ಕುಂತೀನಿ?"

"ನಿನ್ನ ಮನ್ಯಾಗನ ಕುಂತಿ. ಮನಿ ಸ್ವಲ್ಪ ಮಗ್ಗಲ ಬದಲ ಮಾಡೇತಿ, ಅಷ್ಟ."

ಇದು ಒಂದು ಹುಚ್ಚು. ಇನ್ನೊಂದು ಹುಚ್ಚು ಲಗ್ನ ಮಾಡಿಸುವುದು. ಗ್ಯಾಸ್ ಸಿಲಿಂಡರ್ ಹೊತ್ತು ತಂದವನಿಗೂ ಬಿಡುಗಡೆಯಿಲ್ಲ. "ಯಾವೂರಪಾ? ಯಾರ ಪೈಕಿ? ಲಗ್ನ ಆಗೇತೇನು?" ಆ ಪಾಪದವನು ಸಿಲಿಂಡರ್ ಇಳಿಸುವುದೋ, ವಂಶಾವಳಿ ಒಪ್ಪಿಸುವುದೋ? ನಮ್ಮ ಮಂದಿಯಲ್ಲಿ ಸಂಬಂಧ ನೋಡುವಾಗ ಮೊದಲು ಬೆಡಗು ಕೇಳುತ್ತಾರೆ. ಬೆಡಗು ಅಂದರೆ ಮನೆತನದ ಬೇರು ಅನ್ನಿ. ಒಂದೇ ಬೆಡಗಿನವರು ಅಣ್ಣತಂಗಿಯರಿದ್ದ ಹಾಗೆ, ಅವರಲ್ಲಿ ಕೊಟ್ಟು ತರುವಂತಿಲ್ಲ. ಆದರೆ ಸೋದರಮಾವನಿಗೆ ಕೊಡಬಹುದು, ಸೋದರತ್ತೆಯ ಮಗನಿಗೆ ಕೊಡಬಹುದು. ಕೊಡಬಹುದು ಏನು ಬಂತು, ಕಾಕಾನ ಪ್ರಕಾರ ಕೊಡಲೇಬೇಕು!

"ಗೊತ್ತಿದ್ದ ಮನಿ, ಗೊತ್ತಿದ್ದ ಮಂದಿ. ಹೊರಗಿಂದ ತಂದ್ರ ಜೋಡಿ ಏನೇನ ರೋಗಾ ರುಜಿನಾ ಬರತೈತೋ ಯಾಂವಗ ಗೊತ್ತು!"

ಈ ಮಾತು ನೆನಪಿಟ್ಟುಕೊಂಡಿರಿ.

ಖಾನಾಪುರದಲ್ಲಿ ಕಾಕಾನ ಗೆಳೆಯರೊಬ್ಬರಿದ್ದಾರೆ. ಹೊಲ, ಟ್ರ್ಯಾಕ್ಟರು, ಊರ ಹೊರಗೊಂದು ಮನೆ. ಒಂದೇ ಉಸಿರಿನಲ್ಲಿ ಕನ್ನಡವನ್ನೂ ಮರಾಠಿಯನ್ನೂ ಮಾತಾಡುತ್ತಾರೆ, ಸಿಟ್ಟು ಬಂದರೆ ಮಾತ್ರ ಪೂರ್ತಿ ಮರಾಠಿ. ಅವರ ಮನೆಯಲ್ಲಿ ಎರಡು ಬೀಗಲ್ ನಾಯಿಗಳು. ಬೀಗಲ್ ನೋಡಿರಬೇಕಲ್ಲ? ಜೋಲು ಕಿವಿ, ಬಿಳಿ ಕಂದು ಕಪ್ಪು ಮೈ, ಮೂಗನ್ನು ನೆಲಕ್ಕೆ ಅಂಟಿಸಿಕೊಂಡೇ ಓಡುವ ಗಿಡ್ಡ ನಾಯಿ. ಗಂಡು ರಾಜಾ. ಹೆಣ್ಣು ಬಂಗಾರಿ, ರಾಜಾನ ಅಕ್ಕನ ಮಗಳು.

ಒಂದು ದಿನ ಆ ಗೆಳೆಯರು ಅಂಗಡಿಗೆ ಬಂದು, "ಬಂಗಾರಿಗೆ ಗಂಡ ನೋಡಬೇಕಾಗೇತಿ. ಮಚ್ಛೇ ಊರಾಗ ಒಬ್ಬ ಕಾರ್ಖಾನಿ ಸಾವಕಾರನ ಕಡೆ ಚಲೋ ಬೀಗಲ್ ಐತಂತ, ಕೇಳೂಣೇನು?" ಎಂದರು. ಪಾಪ, ಯಾರ ಮುಂದೆ ಬಾಯಿ ಬಿಟ್ಟೆನೆಂದು ಅವರಿಗಾದರೂ ಏನು ಗೊತ್ತು! ಕಾಕಾ ಕೈಯಲ್ಲಿದ್ದ ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟರು.

"ಅದರ ತಂದಿ ಯಾರು?"

"ನಂಗೇನ ಗೊತ್ತೋ ಮಾರಾಯಾ."

"ಅಜ್ಜಾ?"

"ನಾಯಿಗೆ ಅಜ್ಜಾ!"

"ತಂದಿ ಗೊತ್ತಿಲ್ಲ, ಅಜ್ಜಾ ಗೊತ್ತಿಲ್ಲ, ಹೆಣ್ಣ ಕೊಡಾಕ ಹೊಂಟಾನ! ಅಲ್ಲೋ, ಮನ್ಯಾಗ ಸೋದರಮಾವ ಹುಲಿಯಂಗ ಕುಂತಾನ. ಅವನ್ನ ಬಿಟ್ಟು ಮಚ್ಛೇಕ್ಕ ಯಾಕ ಹೋಗ್ತಿ?"

ಹೀಗೆ ರಾಜಾನಿಗೂ ಬಂಗಾರಿಗೂ ಗಂಟು ಬಿತ್ತು. ಬಂಗಾರಿ ಬಸುರಿಯಾದಾಗ ಕುಬಸ, ಅಂದರೆ ಸೀಮಂತ, ಮಾಡಿಸಬೇಕೆಂದು ಕಾಕಾ ಕಾಕುವಿನ ಹೊಸ ರವಿಕೆಯ ಖಣವನ್ನೇ ಎತ್ತಿಕೊಂಡು ಹೋದರು. ಬಂಗಾರಿ ಅದನ್ನು ಚಿಂದಿ ಮಾಡಿ, ಅದರ ಮೇಲೆಯೇ ಎರಡು ಮರಿ ಹಾಕಿದಳು. ಕಾಕಾ ಮನೆಗೆ ಬಂದು ಕಾಕುಗೆ ಹೇಳಿದರು, "ನಿನ್ನ ಖಣ ಭಾಳ ಉಪಯೋಗ ಆತ ನೋಡ." ಅಂದು ಕಾಕಾಗೆ ಊಟ ನಮ್ಮ ಮನೆಯಲ್ಲಿ.

ಗಂಡುಮರಿ ಸೋಮ್ಯಾ ಖಾನಾಪುರದಲ್ಲೇ ಉಳಿದ. ಹೆಣ್ಣುಮರಿ, ಸಂಬಂಧ ಮಾಡಿಸಿದ ಹಿರಿಯರಿಗೆ ಸಲ್ಲುವ ಮರ್ಯಾದೆ ಅಂತ, ಕಾಕಾನ ಅಂಗಿಯೊಳಗೆ ಕುಳಿತು ಬೆಳಗಾವಿಗೆ ಬಂದಿತು. ಹೆಸರು ತಂಗೆವ್ವ. ಬೇರೆಯವರ ನಾಯಿಗಳು ಟೈಗರ್, ರಾಕಿ. ನಮ್ಮ ಓಣಿಯಲ್ಲಿ ಸಂಜೆ ಹೊತ್ತು "ತಂಗೆವ್ವಾ, ಊಟಕ್ಕ ಬಾರವಾ" ಎಂದು ಕಾಕಾ ಕೂಗಿದರೆ ಎದುರು ಮನೆಯ ಅಜ್ಜಿ "ಬಂದ್ನಿ ತಡೀಪಾ" ಅನ್ನುತ್ತಿದ್ದರು. ಅವರ ಹೆಸರೂ ತಂಗೆವ್ವ!

ಈ ತಂಗೆವ್ವ, ಅಂದರೆ ನಾಲ್ಕು ಕಾಲಿನವಳು, ಬೆಳೆದಂತೆಲ್ಲ ಅವಳ ಕಣ್ಣು ದೊಡ್ಡವಾಗುತ್ತ ಬಂದವು. ಏನು ಕಣ್ಣು ಅಂತೀರಿ! ತುಂಬಿದ ಬಟ್ಟಲ ಹಾಗೆ, ನಡುವೆ ಅಗಲವಾದ ಕಪ್ಪು, ಸಂಜೆಯ ಬೆಳಕಿನಲ್ಲಿ ಹಸಿರು ಹೊಳಪು. ಬಂದವರೆಲ್ಲ "ಅಬ್ಬಬ್ಬಾ, ಎಂಥಾ ದೊಡ್ಡ ಕಣ್ಣ!" ಎನ್ನುವವರೇ. ಕಾಕಾ ಮೀಸೆ ತೀಡುತ್ತಿದ್ದರು. "ಸಂಬಂಧ ಯಾರ ಮಾಡಿಸಿದ್ದು?" ಕಾಕು ಒಲೆಗೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಹಾಕಿ ಮನೆಮಂದಿಯನ್ನೆಲ್ಲ ಕೆಮ್ಮಿಸುತ್ತಿದ್ದರು.

ನಡುನಡುವೆ ತಂಗೆವ್ವ ಡಿಕ್ಕಿ ಹೊಡೆಯುತ್ತಿದ್ದಳು. ಕಪಾಟಿಗೆ ಢಬ್. ಟೇಬಲ್ ಕಾಲಿಗೆ ಢಬ್. ಅದರಲ್ಲಿ ಯಾರಿಗೆ ಆಶ್ಚರ್ಯ? ಆ ಮನೆಯಲ್ಲಿ ಡಿಕ್ಕಿ ಹೊಡೆಯದವರು ಯಾರಿದ್ದರು! ನಮ್ಮಪ್ಪನೇ ಒಮ್ಮೆ ಸೋಫಾ ಇದೆಯೆಂದು ಕುಳಿತು ನೆಲಕ್ಕೆ ಬಿದ್ದಿದ್ದರು.

"ನಾಯಿ ಸುದ್ದಾ ದಾರಿ ತಪ್ಪಾಕತ್ತೇತಿ. ಇನ್ನರೆ ಸಾಮಾನ ಜಗ್ಗೂದು ಬಿಡ್ರಿ," ಎಂದು ಕಾಕು ಬೈದರು.

"ರೂಢಿ ಆಗತೈತಿ ಬಿಡ. ನಿನಗ ಆಗಿಲ್ಲೇನು?"

ಆಮೇಲಾಮೇಲೆ ತಂಗೆವ್ವ ಓಡುವುದು ಕಡಿಮೆಯಾಯಿತು. ಮೂಲೆಯಲ್ಲಿ ಸುಮ್ಮನೆ ಮಲಗುತ್ತಿದ್ದಳು. "ಶಾಣ್ಯಾ ಆಗ್ಯಾಳ, ವಯಸ್ಸಿಗೆ ಬಂದ ಮ್ಯಾಲೆ ಹುಡುಗ್ಯಾರು ಹಿಂಗ," ಎಂದು ಕಾಕಾ ಎಲ್ಲರಿಗೂ ಹೇಳಿಕೊಂಡು ಬಂದರು.

ಈಗ ನನ್ನ ವಿಷಯ. ನಾನು ಡಾಕ್ಟರಳಲ್ಲ. ಓದಿದ್ದು ಬಿ.ಕಾಂ. ಆದರೆ ನಾಯಿಗಳ ಬಗ್ಗೆ ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ನೋಡುವ, ಓದುವ ಚಟ; ತಲೆಯಲ್ಲಿ ಒಂದು ಹೊಕ್ಕಿತೆಂದರೆ ಅದನ್ನು ಯಾರ ಮೇಲಾದರೂ ಪ್ರಯೋಗಿಸುವವರೆಗೆ ನನಗೆ ಚಡಪಡಿಕೆ. ಕಾಕಾನ ರಕ್ತವೇ ಅಲ್ಲವೇ! ಎಲ್ಲೋ ಒಂದು ವಿಡಿಯೋದಲ್ಲಿ ಹೇಳಿದ್ದರು: ನಾಯಿಗೆ ಕಣ್ಣು ಕಾಣುತ್ತದೋ ಇಲ್ಲವೋ ನೋಡಬೇಕೆಂದರೆ ಚೆಂಡು ಎಸೆಯಬೇಡಿ, ಸದ್ದಿನ ಮೇಲೆ ಹಿಡಿದುಬಿಡುತ್ತದೆ, ಅದರ ಮುಂದೆ ಹತ್ತಿಯ ಉಂಡೆ ಬೀಳಿಸಿ. ಹತ್ತಿಗೆ ಸದ್ದಿಲ್ಲ.

ಕಾಕು ದೀಪದ ಬತ್ತಿ ಹೊಸೆಯಲು ಇಟ್ಟಿದ್ದ ಹತ್ತಿಯಲ್ಲಿ ಒಂದು ಹಿಡಿ ತಂದೆ.

"ಏನ ನಡಸೀಯವಾ ಡಾಕ್ಟರಬಾಯಿ?" ಕಾಕಾ ಪಾತ್ರೆಯ ಸ್ಟ್ಯಾಂಡು ಜಗ್ಗುವುದನ್ನು ನಿಲ್ಲಿಸಿ ಕೇಳಿದರು. "ಗಾದಿ ತುಂಬಾಕತ್ತಿಯೇನು?"

ಮೊದಲು ಚೆಂಡು ಎಸೆದೆ. ಟಪ್ ಎಂದಿತು. ತಂಗೆವ್ವ ಎದ್ದು ನೇರ ಹೋಗಿ ಕಚ್ಚಿ ತಂದಳು. "ನೋಡಿದಿ? ಹದ್ದಿನ ಕಣ್ಣ!" ಎಂದು ಕಾಕಾ ಬೀಗಿದರು. ಆಮೇಲೆ ಹತ್ತಿ ಬೀಳಿಸಿದೆ, ಅವಳ ಮೂಗಿನಿಂದ ಒಂದು ಗೇಣು ಆಚೆ. ಬಿಳಿ ಉಂಡೆ ತೇಲುತ್ತ ಇಳಿಯಿತು. ತಂಗೆವ್ವ ನನ್ನ ಕಡೆಗೇ ಮುಖ ಮಾಡಿ ಬಾಲ ಅಲ್ಲಾಡಿಸುತ್ತ ನಿಂತಿದ್ದಳು. ಎಡಗಡೆ ಬೀಳಿಸಿದೆ. ಏನೂ ಇಲ್ಲ. ಬಲಗಡೆ ಬೀಳಿಸಿದಾಗ ಕತ್ತು ಒಂದಿಷ್ಟು ಹೊರಳಿತು, ಅದೂ ತಡವಾಗಿ.

ಕಾಕಾ ನನ್ನ ಕೈಯಿಂದ ಹತ್ತಿ ಕಿತ್ತುಕೊಂಡರು. ತಾವೇ ಬೀಳಿಸಿದರು. ಮತ್ತೆ ಬೀಳಿಸಿದರು. ಕಾಕುವಿನ ಹತ್ತಿಯೆಲ್ಲ ನೆಲಕ್ಕೆ ಬಂದರೂ ಅವರು ಬಿಡಲಿಲ್ಲ.

ಮರುದಿನವೇ ದವಾಖಾನೆ. ಡಾಕ್ಟರು ನನಗಿಂತ ನಾಲ್ಕೈದು ವರ್ಷ ದೊಡ್ಡ ಹೆಣ್ಣುಮಗಳು. ತಂಗೆವ್ವನ ಕಣ್ಣಿಗೆ ಜೋಮು ಹಿಡಿಸುವ ಹನಿ ಹಾಕಿ, ಪೆನ್ನಿನಂಥ ಯಂತ್ರದ ತುದಿಯನ್ನು ಕಣ್ಣಿನ ಮೇಲೆ ಮೆಲ್ಲಗೆ ತಾಕಿಸಿ, ಅದರ ಅಂಕಿ ಓದಿ, ಮತ್ತೊಮ್ಮೆ ತಾಕಿಸಿ, ಯಂತ್ರ ಕೆಳಗಿಟ್ಟರು. ಆಮೇಲೆ ಕೇಳಿದರು, "ಇದರ ತಂದಿ ತಾಯಿ ಯಾರಂತ ಗೊತ್ತೇನ್ರಿ?"

ಅಯ್ಯೋ! ಕಾಕಾನ ಮುಖ ನೋಡಬೇಕಿತ್ತು ನೀವು. ಇಡೀ ಆಯುಷ್ಯ ಎಲ್ಲರಿಗೂ ಕೇಳಿದ ಪ್ರಶ್ನೆಯನ್ನು ಕಡೆಗೂ ಒಬ್ಬರು ಅವರಿಗೆ ಕೇಳಿದ್ದರು.

"ಗೊತ್ತೇನ್ರಿ ಅಂದ್ರ! ತಂದಿ ರಾಜಾ, ತಾಯಿ ಬಂಗಾರಿ, ಖಾನಾಪುರದ ಮನಿತನ. ಹೊರಗಿನವರಲ್ಲ ಮತ್ತ. ರಾಜಾ ಬಂಗಾರಿಗೆ ಖಾಸ ಸೋದರಮಾವ ಆಗಬೇಕು. ನಾನ ಮುಂದ ನಿಂತ ಮಾಡಿಸಿದ್ದು!"

ಡಾಕ್ಟರು ನಗಲಿಲ್ಲ. ತಂಗೆವ್ವನ ತಲೆ ಸವರುತ್ತ, "ಇದಕ್ಕ ಕಾಚಬಿಂದು ಅಂತಾರ್ರಿ," ಎಂದರು.

"ಮೋತಿಬಿಂದು ಏನ್ರಿ, ಕಣ್ಣಿನ ಪೊರಿ? ನಮ್ಮವ್ವಗೂ ಆಗಿತ್ತು, ತಗಿಸಿಬಿಟ್ವಿ."

"ಮೋತಿಬಿಂದು ತಗೀಬಹುದ್ರಿ. ಇದು ಬ್ಯಾರೆ, ಗ್ಲಾಕೋಮಾ. ಕಣ್ಣಿನ ಒಳಗ ನೀರು ಹುಟ್ಟತಿರತೈತಿ, ಹರದು ಹೋಗತಿರತೈತಿ. ಹೋಗೂ ದಾರಿ ಕಟ್ಟಿದ್ರ ಒತ್ತಡ ಏರತೈತಿ. ಕಣ್ಣು ಉಬ್ಬಿ ದೊಡ್ಡದಾಗತೈತಿ. ಹಿಂದಿನ ನರ ಸಾಯತೈತಿ."

"ಅಂದ್ರ ನಳಾ ಚಾಲೂ ಐತಿ, ಮೋರಿ ಕಟ್ಟೇತಿ," ಎಂದರು ಕಾಕಾ. ಅಂಗಡಿ ಬುದ್ಧಿ! "ಮೋರಿ ಬಿಡಸ್ರಲ್ಲ ಮತ್ತ?"

"ಹನಿ ಹಾಕಿ ಒತ್ತಡ ಇಳಸೂಣು. ಎಡಗಣ್ಣ ಹೋಗಿಬಿಟ್ಟೈತಿ. ಬಲಗಣ್ಣಾಗ ಸ್ವಲ್ಪ ಉಳದೈತಿ, ಅದನ್ನ ಉಳಿಸಿಕೊಳ್ಳಾಕ ನೋಡೂಣು." ಆಮೇಲೆ ಹನಿಯ ಚೀಟಿ ಬರೆಯುತ್ತ ಹೇಳಿದರು, "ಬೀಗಲ್‌ನ್ಯಾಗ ಇದು ವಂಶದಾಗ ಬರತೈತ್ರಿ. ತಂದಿ ತಾಯಿ ಇಬ್ಬರಿಗೂ ಕಣ್ಣ ಚಲೋನ ಇರತಾವು. ಆದ್ರ ಇಬ್ಬರೂ ಇದನ್ನ ಒಳಗ ಹೊತ್ತಗೊಂಡಿದ್ರ, ಇಬ್ಬರ ಕಡೆಯಿಂದನೂ ಮರಿಗೆ ಬಂದ್ರ, ಹಿಂಗಾಗತೈತಿ. ಒಂದ ಮನಿತನದಾಗ ಜೋಡಿ ಮಾಡಿದ್ರ ಹಂಗ ಬರೂದು ಹೆಚ್ಚು."

ಕಾಕಾ ತಂಗೆವ್ವನನ್ನು ಎತ್ತಿಕೊಂಡು ಹೊರಗೆ ಬಂದರು. ಮನೆ ತಲುಪುವವರೆಗೂ ದಾರಿಯಲ್ಲಿ ಯಾರಿಗೂ ಯಾವೂರೆಂದು ಕೇಳಲಿಲ್ಲ.

ಮನೆಗೆ ಬಂದವರೇ ಚಾಕ್‌ಪೀಸ್ ಹುಡುಕಿದರು. ಸೋಫಾದ ಕಾಲು, ಟೇಬಲ್ಲಿನ ಕಾಲು, ಕುರ್ಚಿ, ಕಪಾಟು, ಎಲ್ಲದರ ಸುತ್ತ ನೆಲದ ಮೇಲೆ ಗೆರೆ! ಆ ಗೆರೆ ದಾಟಿ ಒಂದು ಕುರ್ಚಿ ಕದಲಿದರೂ ಕಾಕಾನ ಬಾಯಿಗೆ ತುತ್ತಾದಿರಿ ಅಂತಲೇ ತಿಳಿಯಿರಿ. ಒಮ್ಮೆ ಹುಡುಗಿ ನೋಡುವ ಮಾತಿಗೆಂದು ಗೋಕಾಕದಿಂದ ದೊಡ್ಡ ಮನೆತನದವರು ಬಂದರು. "ಬರ್ರಿ, ಕುಂದರ್ರಿ," ಎಂದರು ಕಾಕಾ. ಹಿರಿಯರೊಬ್ಬರು ಸರಿಯಾಗಿ ಕೂರಲೆಂದು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಹಾಂ ಹಾಂ! ಜಗ್ಗಬ್ಯಾಡ್ರಿ!"

"ಯಾಕ್ರಿ?"

"ನಮ್ಮ ಮಗಳು ಎಡವ್ತಾಳ್ರಿ."

"ಯಾವ ಮಗಳ್ರಿ? ನೀವು ತೋರಸೂ ಹುಡುಗಿ ಏನು? ಕಣ್ಣ ಕಾಣಂಗಿಲ್ಲೇನು?"

ಆ ಸಂಬಂಧ ಅಲ್ಲಿಗೇ ಮುರಿಯಿತು. ಕಾಕಾ ತಲೆ ಕೆಡಿಸಿಕೊಳ್ಳಲಿಲ್ಲ. ಹನಿ ಹಾಕುವ ಹೊತ್ತಾಗಿತ್ತು. ಹನಿ ಹಾಕುವುದೇನು ಸುಮ್ಮನೆಯೇ? ಕಾಕು ಹಿಂಗಾಲು, ನಾನು ಮುಂಗಾಲು, ಕಾಕಾ ರೆಪ್ಪೆ. ಮೊದಲ ಹನಿ ನನ್ನ ಮೂಗಿಗೆ, ಎರಡನೆಯದು ಕಾಕುವಿನ ಸೀರೆಗೆ, ಮೂರನೆಯದು ದೇವರ ದಯೆ. ಅಂಗಡಿಯಲ್ಲಿ ಗಿರಾಕಿ ಪೈಪು ಅಳೆಯುತ್ತಿದ್ದರೂ ಮಧ್ಯಾಹ್ನದ ಹನಿಗೆ ಗಾಡಿ ಹತ್ತಿ ಬಂದುಬಿಡುವರು.

ಅಷ್ಟರಲ್ಲಿ ಖಾನಾಪುರದಿಂದ ಫೋನು. ರಾಜಾ-ಬಂಗಾರಿಯದು ಇನ್ನೊಂದು ಸಲ ಜೋಡಿ ಮಾಡಿಸುವ ಹವಣಿಕೆ! ಬಂಧುಬಳಗದವರೆಲ್ಲ ಮರಿ ಬೇಕೆಂದು ಹೇಳಿಟ್ಟಿದ್ದರಂತೆ. ತಂಗೆವ್ವನ ದೊಡ್ಡ ಕಣ್ಣಿನ ಫೋಟೋ ಎಲ್ಲರ ಮೊಬೈಲಿಗೂ ಕಾಕಾನೇ ಕಳಿಸಿದ್ದರಲ್ಲ! ಕಾಕಾ ಫೋನಿಟ್ಟವರೇ ನನ್ನನ್ನು ಎಳೆದುಕೊಂಡು ಖಾನಾಪುರದ ಬಸ್ಸು ಹತ್ತಿದರು. ಸೀಟು ಸಿಕ್ಕರೂ ಕೂರಲಿಲ್ಲ, ಬಾಗಿಲ ಬಳಿಯೇ ನಿಂತಿದ್ದರು.

ಅಲ್ಲಿ ಅಂಗಳಕ್ಕೆ ಕಾಲಿಡುತ್ತಲೇ ಹೇಳಿದರು, "ರಾಜಾಗೂ ಬಂಗಾರಿಗೂ ಸೋಡಚೀಟಿ ಆಗಬೇಕು."

ಗೆಳೆಯರು ತಬ್ಬಿಬ್ಬಾದರು. "ಸೋಡಚೀಟಿ? ನಾಯಿಗಳಿಗೆ? ಗಂಟ ಹಾಕಾಂವನೂ ನೀನ, ಬಿಡಸಾಂವನೂ ನೀನ? ಈಗ ಏನ ಬೆಡಗ ಕೂಡವಲ್ಲದೇನು?" ಎಂದು ಶುರುಮಾಡಿ, ಕಾಕಾ ಕಣ್ಣಿನ ರೋಗದ ಮಾತೆತ್ತಿದ್ದೇ ತಡ, ಪೂರ್ತಿ ಮರಾಠಿಗೆ ಇಳಿದರು. "ಬಘ, ಕಸಾ ಧಡಧಾಕಟ್ ಆಹೆ!" ಎಂದು ರಾಜಾನನ್ನು ಮುಂದೆ ತಂದು ನಿಲ್ಲಿಸಿದರು. ನಿಜಕ್ಕೂ ರಾಜಾ ಗಟ್ಟಿಮುಟ್ಟಾಗಿದ್ದ, ಕಣ್ಣೂ ಚುರುಕು.

"ಅವಗ ಏನೂ ಆಗಿಲ್ಲೋ. ಆಕಿಗೂ ಏನೂ ಆಗಿಲ್ಲ," ಎಂದರು ಕಾಕಾ. "ಇಬ್ಬರೂ ಒಳಗ ಅರ್ಧಾ ಅರ್ಧಾ ಇಟಗೊಂಡಾರ. ಕೂಡಿದ್ರ ಮರಿ ಕಣ್ಣಾಗ ಪೂರ್ತಿ ಆಗತೈತಿ. ನೀ ಮಚ್ಛೇದ ಗಂಡ ತರ್ತೀನಿ ಅಂದಿದ್ದಿ. ನೀ ಹೇಳಿದ್ದ ಖರೇ ಇತ್ತು. ನನ್ನ ಮಾತ ಕೇಳಿ ಕೆಟ್ಟಿ ನೀ."

ಕಾಕಾ ಇನ್ನೊಬ್ಬರ ಮಾತು ಖರೇ ಎಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಗೆಳೆಯರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಒಳಗೆ ಹೋಗಿ ಸೋಮ್ಯಾನ ಕೊರಳಿಗೆ ಹಗ್ಗ ಹಾಕಿ, "ನಡೀರಿ, ಇವನ್ನೂ ತೋರಸೂಣು," ಎಂದರು. ಸೋಮ್ಯಾನ ಕಣ್ಣಿನಲ್ಲೂ ಒತ್ತಡ ಏರಲು ಶುರುವಾಗಿತ್ತು, ಆದರೆ ನರ ಇನ್ನೂ ಕೆಟ್ಟಿರಲಿಲ್ಲ. ಹನಿಯ ಮೇಲೆ ಇಂದಿಗೂ ಖಾನಾಪುರದ ಕಾಗೆಗಳನ್ನೆಲ್ಲ ಅಟ್ಟಿಸಿಕೊಂಡು ಓಡುತ್ತಿದ್ದಾನೆ, ಬದ್ಮಾಶ್! ಡಾಕ್ಟರು ಹೇಳಿದಂತೆ ಆ ಮನೆಯಲ್ಲಿ ಮುಂದೆ ಮರಿಯಾಗದ ಹಾಗೆ ಆಪರೇಶನ್ನೂ ಆಯಿತು.

ತಂಗೆವ್ವನಿಗೆ ಮಾತ್ರ ನಾವು ತಡಮಾಡಿದ್ದೆವು. ಮಳೆಗಾಲ ಮುಗಿಯುವ ಹೊತ್ತಿಗೆ ಬಲಗಣ್ಣೂ ಹತ್ತಿಯನ್ನು ನೋಡುವುದನ್ನು ಬಿಟ್ಟಿತು. ಹನಿ ಬದಲಾಯಿಸಿದರು, ಗುಳಿಗೆ ಕೊಟ್ಟರು. ಒತ್ತಡ ಇಳಿಯಲಿಲ್ಲ. ಊಟ ಬಿಟ್ಟಳು. ಗೋಡೆಗೆ ಹಣೆಯೊತ್ತಿ ನಿಲ್ಲುತ್ತಿದ್ದಳು. ಡಾಕ್ಟರು ಹೇಳಿದರು, ಎರಡೂ ಕಣ್ಣು ತೆಗೆದುಬಿಡೋಣ.

ಕಾಕಾ ಕೋಣೆಯ ತುಂಬ ತಿರುಗಾಡಿದರು. "ಕಾಣದಿದ್ರೂ ಇರಲಿರಿ. ಕಣ್ಣಂತ ಅದಾವಲ್ಲ ಮುಖದಾಗ."

"ಅವು ಇರೂದು ನಿಮಗ ನೋಡಾಕರಿ," ಎಂದರು ಡಾಕ್ಟರು ಮೆಲ್ಲಗೆ. "ಆಕಿಗೆ ಅವು ಬರೇ ತಲಿಶೂಲಿ. ನಾಯಿ ಬಾಯಿಬಿಟ್ಟ ಹೇಳಂಗಿಲ್ಲ, ಸುಮ್ಮನ ಮಲಗತಾವು."

ಕಾಕಾ ಆಗಲೂ ಒಪ್ಪಲಿಲ್ಲ. ಒಪ್ಪಿದವರು ಕಾಕು. "ಚಂದ ಕಾಣಲಿ ಅಂತ ನಾವು ಆಕಿ ತಲಿ ಸಿಡಸೂದೇನ್ರಿ? ತಗೀರಿ ಡಾಕ್ಟರಬಾಯಾರ. ಇವರು ಹೊರಗ ತಿರಗ್ಯಾಡ್ಲಿ."

ಆಪರೇಶನ್ ಆಯಿತು. ಹೊಲಿಗೆ ಹಾಕಿದ ರೆಪ್ಪೆಗಳು, ಬೋಳಿಸಿದ ಮುಖ. ಮೊದಲ ಕೆಲವು ದಿನ ಕಾಕಾ ಅವಳ ಬೆನ್ನನ್ನಷ್ಟೇ ಸವರುತ್ತಿದ್ದರು, ಮುಖದ ಕಡೆ ನೋಡುತ್ತಿರಲಿಲ್ಲ. ಹೊಲಿಗೆ ಬಿಚ್ಚುವ ಮುಂಚೆಯೇ ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಗದ್ದಲ. ತಂಗೆವ್ವ ಮೂಗಿನ ಜಾಡು ಹಿಡಿದು, ಎಲ್ಲೂ ಎಡವದೆ ನೆಟ್ಟಗೆ ಹೋಗಿ, ಕಾಕು ತಟ್ಟಿಟ್ಟ ಬಿಸಿ ರೊಟ್ಟಿ ಎಗರಿಸಿ, ಮನೆ ತುಂಬ ಓಡುತ್ತಿದ್ದಾಳೆ! ಮರಿಯಿದ್ದಾಗ ಓಡಿದ ಹಾಗೆ. ಕಾಕು ಲಟ್ಟಣಿಗೆ ಹಿಡಿದು ಹಿಂದೆ ಓಡಿದವರು, ನಡುವೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡರು.

ಕಾಕಾ ಗೋಡೆ ಹಿಡಿದು ನಿಂತಿದ್ದರು. "ಅಂದ್ರ ಇಷ್ಟ ದಿನಾ ನೋಯಾಕತ್ತಿತ್ತು," ಎಂದರು ನನಗೆ. "ನಾ ಶಾಣ್ಯಾ ಆಗ್ಯಾಳ ಅಂತಿದ್ದೆ."

ಈಗ ಸಂಜೆ ಅಂಗಡಿಯಿಂದ ಬಂದೊಡನೆ ಕಾಕಾ ಗೇಟಿನ ಕಟ್ಟೆಯ ಮೇಲೆ ತಂಗೆವ್ವನನ್ನು ಪಕ್ಕಕ್ಕೆ ಇಟ್ಟುಕೊಳ್ಳುತ್ತಾರೆ. ನಾನು ಮೊದಲು ಯಾರೊಡನೆಯೋ ಫೋನಿನಲ್ಲಿದ್ದಾರೆ ಅಂದುಕೊಂಡಿದ್ದೆ.

"ಎಡಕ್ಕ ಒಂದ ಕೆಂಪ ಸ್ಕೂಟರ್ ಬಂತವಾ. ಟ್ಯೂಶನ್ ಹುಡುಗಿ, ಬಾಲಾ ಅಲ್ಲಾಡಸ. ಹಾಂ. ಮ್ಯಾಲೆ ತಂತಿ ಮ್ಯಾಲೆ ಕಾಗಿ ಕುಂತೈತಿ, ಸುಮ್ಮನ ಕುಂತೈತಿ, ನೀ ಬೊಗಳಬ್ಯಾಡ. ಎದರ ಮನಿ ಅಜ್ಜಿ ಹಸರ ಸೀರಿ ಉಟ್ಟಾಳ, ಕೆಂಪ ಅಂಚು…"

"ಕಾಕಾ, ಆಕಿಗೆ ಎಲ್ಲಾ ವಾಸನಿ ಮ್ಯಾಲೆ ಗೊತ್ತಾಗತೈತಿ. ನೀವ್ಯಾಕ ಒದರತೀರಿ?"

"ಬಣ್ಣಕ್ಕ ವಾಸನಿ ಎಲ್ಲಿರತೈತವಾ?"

ನಾಯಿಗಳಿಗೆ ಕೆಂಪು ಬಣ್ಣ ಮೊದಲಿನಿಂದಲೂ ಕಾಣುವುದಿಲ್ಲವೆಂದು ನಾನು ಓದಿದ್ದೆ. ಬಾಯಿ ತುದಿಗೂ ಬಂತು. ನುಂಗಿಕೊಂಡೆ.

ಅವರು ಮುಂದುವರಿಸಿದರು. ಹಾಲಿನವ, ಸೈಕಲ್ಲು, ಒಂದು ಬಿಳಿ ಆಕಳು, ಅದರ ಹಿಂದೆ ಕರು. ಓಣಿಯ ತುದಿಯಿಂದ ಬೆಳಕು ಕರಗುತ್ತ ಬಂದು, ಆಕಳ ಬಿಳಿಯೂ ಮಸುಕಾಯಿತು. ಕಾಕಾ ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ತಂಗೆವ್ವನ ಹೊಲಿದ ರೆಪ್ಪೆಗಳ ಮೇಲೆ ಅಂಗೈಯಿಟ್ಟು ಹೇಳಿದರು,

"ಕತ್ತಲಾತವಾ. ಈಗ ನನಗೂ ಏನೂ ಕಾಣವಲ್ದು. ನಡಿ, ಒಳಗ ಹೋಗೂಣು."

ನಿಮ್ಮ ಮನೆಯಲ್ಲೂ ಕಣ್ಣು ಕಾಣದ ನಾಯಿಯೋ ಬೆಕ್ಕೋ ಇದ್ದರೆ, ಅದಕ್ಕೆ ನೀವು ಓಣಿಯನ್ನು ಹೇಗೆ ತೋರಿಸುತ್ತೀರಿ? ನನಗೆ ಬರೆದು ಕಳಿಸಿ. ಕಾಕಾಗೆ ಓದಿ ಹೇಳಬೇಕು.